ಹೊಟ್ಟು ಕಳಚಿದರೆ ಅಧ್ಯಾಯ ಬದಲು

ಸುಂಕದ ಪಟ್ಟಿಯನ್ನು ಪುಸ್ತಕದ ಹಾಗೆ ಓದುವವರು ಕಡಿಮೆ. ಕಸ್ಟಮ್ಸ್ ಬ್ರೋಕರ್‌ಗೆ ಅದು ಎಂಟಂಕಿಯ ಕೋಡ್ ಹುಡುಕುವ ಜಾಗ. ಆಮದುದಾರನಿಗೆ ಎಷ್ಟು ಕಟ್ಟಬೇಕೆಂಬ ಲೆಕ್ಕ. ಆದರೆ 1988ರ ಜನವರಿಯಿಂದ ಜಾರಿಯಲ್ಲಿರುವ, ಇವತ್ತಿಗೂ ಪ್ರಪಂಚದ ಬಹುಪಾಲು ವ್ಯಾಪಾರವನ್ನು ವಿಂಗಡಿಸುವ ಹಾರ್ಮೊನೈಸ್ಡ್ ಸಿಸ್ಟಮ್‌ನಲ್ಲಿ ಓಟ್ಸ್ ಒಂದನ್ನೇ ಹಿಡಿದು ಹೊರಡಿ. ಅದನ್ನು ಬರೆದವರ ಕಣ್ಣು ಎಲ್ಲಿ ಚುರುಕು, ಎಲ್ಲಿ ಮಂಕು ಎಂಬುದು ಸಾಲುಸಾಲಿಗೂ ಗೊತ್ತಾಗುತ್ತದೆ.

ಧಾನ್ಯಗಳಿರುವುದು 10ನೇ ಅಧ್ಯಾಯದಲ್ಲಿ. ಅಲ್ಲಿ ಓಟ್ಸ್‌ಗೆ 1004 ಎಂಬ ಸ್ವಂತ ಶೀರ್ಷಿಕೆಯಿದೆ: ಬಿತ್ತನೆ ಬೀಜವಾದರೆ 1004.10, ಮಿಕ್ಕಿದ್ದೆಲ್ಲ 1004.90. ಅಧ್ಯಾಯದ ಮೊದಲ ಟಿಪ್ಪಣಿ ಮಾತ್ರ ಬಲು ಕಟ್ಟುನಿಟ್ಟು. ಹೊಟ್ಟು ತೆಗೆದ ಅಥವಾ ಬೇರೆ ರೀತಿ ಸಂಸ್ಕರಿಸಿದ ಕಾಳಿಗೆ ಇಲ್ಲಿ ಜಾಗವಿಲ್ಲ. ಓಟ್ಸ್ ಕಾಳಿಗೆ ಭತ್ತದಂತೆ ಬಿಗಿಯಾದ ಹೊಟ್ಟಿರುತ್ತದೆ. ಗಿರಣಿಯಲ್ಲಿ ಅದನ್ನು ಬಿಡಿಸಿದರೆ ಸರಕು 11ನೇ ಅಧ್ಯಾಯದ 1104.22ಕ್ಕೆ ಹೋಗುತ್ತದೆ. ಹಾಗಾದರೆ ಒಕ್ಕಣೆಯಲ್ಲೇ ಹೊಟ್ಟು ಉದುರಿ ಕಾಳು ಬೆತ್ತಲಾಗುವ ತಳಿಯನ್ನು ಏನು ಮಾಡುವುದು? ಅದಕ್ಕೂ ಪಟ್ಟಿಯ ಜೊತೆಗಿರುವ ವಿವರಣಾ ಟಿಪ್ಪಣಿಗಳಲ್ಲಿ ಉತ್ತರವಿದೆ. ಒಕ್ಕಿ ತೂರಿದ್ದು ಬಿಟ್ಟು ಬೇರೇನೂ ಮಾಡಿಲ್ಲವಾದರೆ ಅದು 1004ರಲ್ಲೇ ಉಳಿಯುತ್ತದೆ. ಒಕ್ಕುವಾಗಲೋ ಸಾಗಣೆಯಲ್ಲಿ ತುಂಬಿ ಇಳಿಸುವಾಗಲೋ ತುದಿ ಮುರಿದ ಕಾಳೂ ಅಲ್ಲೇ. ಬಿಡಿಸಿದ ಕಾಳಿನ ಮೂಟೆಯನ್ನೂ ಹುಟ್ಟು ಬೆತ್ತಲೆ ಕಾಳಿನ ಮೂಟೆಯನ್ನೂ ಅಕ್ಕಪಕ್ಕ ಬಿಚ್ಚಿಟ್ಟರೆ ಹೊಸಬರಿಗೆ ಎರಡೂ ಒಂದೇ. ಒಂದರ ಹೊಟ್ಟು ಗಿರಣಿಯಲ್ಲಿ ಹೋಗಿದೆ, ಇನ್ನೊಂದರದ್ದು ಕಣದಲ್ಲೇ ಹೋಗಿದೆ; ಅಷ್ಟಕ್ಕೇ ಅಧ್ಯಾಯ ಬೇರೆ. ಕಣದ ಕೆಲಸ ಯಾವುದು, ಗಿರಣಿಯ ಕೆಲಸ ಯಾವುದು ಎಂದು ಇಷ್ಟು ಸೂಕ್ಷ್ಮವಾಗಿ ಗೆರೆ ಎಳೆದವರ ಬಗ್ಗೆ ನನಗೆ ಗೌರವವಿದೆ.

ಅಕ್ಕಿ ಎದುರಾದಾಗ ಮಾತ್ರ ಈ ನಿಷ್ಠೆ ಸಡಿಲವಾಗುತ್ತದೆ. ಭತ್ತ, ಹೊಟ್ಟು ತೆಗೆದ ಅಕ್ಕಿ, ಪಾಲಿಶ್ ಆದದ್ದು, ಕುಚ್ಚಲಕ್ಕಿ, ನುಚ್ಚು ಎಲ್ಲವೂ 10ನೇ ಅಧ್ಯಾಯದ 1006ರಲ್ಲೇ ಸುಖವಾಗಿವೆ. 2022ರ ಆವೃತ್ತಿಯಲ್ಲಿ ಕಿನೋವಾಕ್ಕೂ ಇಂಥ ವಿನಾಯಿತಿ ಸಿಕ್ಕಿತು: ಕಹಿಯಾದ ಮೇಲ್ಪದರ ತೆಗೆದರೂ ಅದು ಧಾನ್ಯವಾಗಿಯೇ ಉಳಿಯುತ್ತದೆ. ಆ ಪದರ ತೆಗೆಯದೆ ತಿನ್ನಲಾಗದು ಎಂಬುದು ಒಪ್ಪುವ ಮಾತೇ. ಆದರೆ ಹೊಟ್ಟು ಸಮೇತ ಓಟ್ಸ್ ತಿನ್ನುವುದೂ ಕುದುರೆಗೇ ಸೈ. ಅದೇ ನ್ಯಾಯ ಓಟ್ಸ್‌ಗೆ ಯಾಕಿಲ್ಲ ಎಂಬುದಕ್ಕೆ ಪಟ್ಟಿಯೊಳಗೆ ಸಮಾಧಾನ ಸಿಗುವುದಿಲ್ಲ. ಈ ಗೆರೆಯಿಂದ ಗಿರಣಿ ಇರುವ ದೇಶಗಳಿಗೆ ಅನುಕೂಲವಂತೂ ಇದೆ. ಅಮೆರಿಕದ ಸಾಮಾನ್ಯ ದರಪಟ್ಟಿಯಲ್ಲಿ ಇಡೀ ಓಟ್ಸ್‌ಗೆ ಸುಂಕವಿಲ್ಲ. ಒತ್ತಿ ಚಪ್ಪಟೆ ಮಾಡಿದ್ದಕ್ಕೆ ಕಿಲೋಗೆ 1.2 ಸೆಂಟ್. ಮೊತ್ತ ಸಣ್ಣದಿರಬಹುದು, ಆದರೆ ಕಚ್ಚಾ ಮಾಲು ಬರಲಿ, ಗಿರಣಿಯ ಕೂಲಿ ನಮ್ಮಲ್ಲೇ ಉಳಿಯಲಿ ಎಂಬ ಲೆಕ್ಕಾಚಾರ ಅದರಲ್ಲಿ ಕಾಣದೆ ಇರದು.

ರಾಗಿಯ ಪಾಡನ್ನೂ ಇಲ್ಲೇ ಹೇಳಿಬಿಡುತ್ತೇನೆ. ಓಟ್ಸ್‌ಗೆ ಸ್ವಂತ ಮನೆಯಿದ್ದರೆ, ರಾಗಿ 1008ರಲ್ಲಿ ಬಕ್‌ವೀಟ್ ಮತ್ತು ಪಂಜರದ ಹಕ್ಕಿಗಳಿಗೆ ಹಾಕುವ ಕ್ಯಾನರಿ ಬೀಜದ ಜೊತೆ ಬಾಡಿಗೆಗಿದೆ. ಯಾರ ಊಟವನ್ನು ಮನಸ್ಸಿನಲ್ಲಿಟ್ಟುಕೊಂಡು ಈ ವಿಂಗಡಣೆ ಮಾಡಿದರು ಎಂದು ಬೇರೆ ಕೇಳಬೇಕಿಲ್ಲ.

11ನೇ ಅಧ್ಯಾಯದಲ್ಲಿ ಅಧಿಕಾರ ಪ್ರಯೋಗಾಲಯದ ಕೈಗೆ ಹೋಗುತ್ತದೆ. ಓಟ್ಸ್ ಉತ್ಪನ್ನದಲ್ಲಿ ಪಿಷ್ಟ 45 ಶೇಕಡಾ ಮೀರಿರಬೇಕು, ಬೂದಿ 5 ಶೇಕಡಾ ದಾಟಿರಬಾರದು. ಇಲ್ಲವಾದರೆ ಅದು 2302ರ ತೌಡು, ಬೂಸಾಗಳ ಸಾಲಿಗೆ ಇಳಿಯುತ್ತದೆ. ಗೋಧಿಗೆ ಬೂದಿಯ ಮಿತಿ 2.5, ಅಕ್ಕಿಗೆ 1.6, ಓಟ್ಸ್‌ಗೆ ಮಾತ್ರ ಧಾರಾಳ. ಪರೀಕ್ಷೆ ಪಾಸಾದ ಮೇಲೆ 315 ಮೈಕ್ರಾನ್ ಜರಡಿಯಲ್ಲಿ 80 ಶೇಕಡಾ ಕೆಳಗಿಳಿದರೆ ಹಿಟ್ಟು, ಇಳಿಯದಿದ್ದರೆ ರವೆಯೋ ಚಪ್ಪಟೆ ಕಾಳೋ. ಇದು ಪಟ್ಟಿಯ ಅತ್ಯಂತ ಪ್ರಾಮಾಣಿಕ ಭಾಗ. ಪೊಟ್ಟಣದ ಮೇಲೆ ‘ಓಟ್ ಬ್ರಾನ್’ ಎಂದು ಎಷ್ಟು ದಪ್ಪಕ್ಷರದಲ್ಲಿ ಅಚ್ಚಾಗಿದ್ದರೂ ಪಿಷ್ಟ, ಬೂದಿಯ ಅಂಕಿ ಹೊಂದಿದರೆ ಸುಂಕದ ಕಣ್ಣಿಗೆ ಅದು ತೌಡಲ್ಲ. ಮಾರಾಟದವರ ಮಾತಿಗೆ ಇಲ್ಲಿ ಬೆಲೆ ಇಲ್ಲ.

ಗೊಂದಲ ಶುರುವಾಗುವುದು ಬೆಳಗಿನ ತಿಂಡಿಯ ಪೊಟ್ಟಣದಿಂದ. ಕಾಳನ್ನು ಹಬೆಯಲ್ಲಿ ಬಿಸಿ ಮಾಡಿ ರೋಲರ್‌ಗೆ ಕೊಟ್ಟ ಬಿಳಿ ಓಟ್ಸ್ 1104.12. ಹಬೆ ತಾಗಿದರೂ ಅದು ಬೇಯಿಸಿದ್ದೆಂದು ಲೆಕ್ಕವಿಲ್ಲ. ಅದಕ್ಕೇ ಉಪ್ಪು, ಮಸಾಲೆ, ಒಣ ತರಕಾರಿ ಬೆರೆಸಿದರೆ, ಒಣದ್ರಾಕ್ಷಿ ಸೇರಿಸಿ ಮ್ಯೂಸ್ಲಿ ಮಾಡಿದರೆ, ಅದು ತಯಾರಿಸಿದ ಆಹಾರದ 1904. ನಮ್ಮ ಜಿಎಸ್‌ಟಿ ಅಧಿಸೂಚನೆಗಳು ಅವಲಕ್ಕಿಯನ್ನೂ ಈ 1904ರಲ್ಲೇ ಇಟ್ಟಿವೆ! ನೆನೆಸಿ, ಹುರಿದು, ಚಪ್ಪಟೆ ಮಾಡಿದ ಭತ್ತ ‘ತಯಾರಿಸಿದ ಆಹಾರ’; ಹಬೆ ಕೊಟ್ಟು ಚಪ್ಪಟೆ ಮಾಡಿದ ಓಟ್ಸ್ ಬರೀ ಧಾನ್ಯ. ಹುರಿದದ್ದೇ ವ್ಯತ್ಯಾಸ ಎನ್ನಬಹುದು. ಕಾಗದದ ಮೇಲೆ ಆ ವಾದ ನಿಲ್ಲುತ್ತದೆ. ಅವಲಕ್ಕಿ ಒಗ್ಗರಣೆ ಮಾಡುವವರೂ ಓಟ್ಸ್ ಉಪ್ಪಿಟ್ಟು ಕೆದಕುವವರೂ ಅದನ್ನು ಸುಲಭಕ್ಕೆ ಒಪ್ಪಲಾರರು.

ಮಸಾಲೆಯ ಚಿಟಿಕೆ ದುಬಾರಿಯೂ ಆಗಿತ್ತು. ಆಮದಿನ ಮೇಲೂ ಬೀಳುವ ಜಿಎಸ್‌ಟಿ ಬರೀ ಓಟ್ಸ್‌ಗೆ 5 ಶೇಕಡಾ, 1904ರ ಮಸಾಲೆ ಓಟ್ಸ್ ಪೊಟ್ಟಣಕ್ಕೆ 18 ಶೇಕಡಾ ಇತ್ತು. 2025ರ ಸೆಪ್ಟೆಂಬರ್ 22ರಿಂದ ಎರಡಕ್ಕೂ 5. ಯಾವ ಕೋಡ್ ಎಂಬ ಜಗಳದ ಅರ್ಧ ಕಾವು ಅಲ್ಲೇ ಇಳಿಯಿತು. ವರ್ಗೀಕರಣವನ್ನು ತಿದ್ದಿದ್ದರಿಂದ ಬಂದ ಶಾಂತಿ ಇದಲ್ಲ. ದರ ಸರಿಸಮವಾಯಿತು, ಗೆರೆ ಮೊದಲಿದ್ದಲ್ಲೇ ಇದೆ.

ಆ ಗೆರೆಯ ಯಾವ ಬದಿಗೆ ತನ್ನ ಸರಕು ಎಂದು ಬಿಲ್ ಆಫ್ ಎಂಟ್ರಿ ಎಂಬ ಆಮದು ಘೋಷಣೆಯಲ್ಲಿ ಬರೆಯಬೇಕಾದವನು ಆಮದುದಾರನೇ. 2011ರಿಂದ ಇಲ್ಲಿ ಸ್ವಯಂ ನಿರ್ಧಾರಣೆಯ ಪದ್ಧತಿ. ಕೋಡ್ ತಪ್ಪಿ ಸುಂಕ ಕಡಿಮೆ ಬಿದ್ದಿದ್ದರೆ ಎರಡು ವರ್ಷದವರೆಗೆ, ಬೇಕೆಂದೇ ಮರೆಮಾಚಿದ ಆರೋಪವಿದ್ದರೆ ಐದು ವರ್ಷದವರೆಗೆ ನೋಟಿಸ್ ಬರಬಹುದು. ಮೊದಲೇ ಕೇಳಿ ತಿಳಿಯುತ್ತೇನೆ ಎನ್ನುವವರಿಗೆ ಮುಂಗಡ ತೀರ್ಪಿನ ಪ್ರಾಧಿಕಾರವಿದೆ, ದೆಹಲಿಯಲ್ಲೊಂದು, ಮುಂಬಯಿಯಲ್ಲೊಂದು. ಒಳ್ಳೆಯ ಏರ್ಪಾಡು. ಆದರೆ ಅಲ್ಲಿನ ತೀರ್ಪು ಅರ್ಜಿ ಹಾಕಿದವನಿಗೂ ಅವನ ವಿಷಯದಲ್ಲಿ ಇಲಾಖೆಗೂ ಮಾತ್ರ ಅನ್ವಯ. ಅದೇ ಹಡಗಿನಲ್ಲಿ ಅದೇ ಮಸಾಲೆ ಓಟ್ಸ್ ತರಿಸಿದ ಇನ್ನೊಬ್ಬ ವ್ಯಾಪಾರಿ ಅದೇ ಪ್ರಶ್ನೆ ಹಿಡಿದು ಹೊಸದಾಗಿ ಅರ್ಜಿ ಬರೆಯಬೇಕು.