ಪಾವಗಡದ ಬಿಳಿ ಗೆರೆ

ಈ ವಾರ ಓಪಲ್ ಪುಡಿಗಳ ಬಗ್ಗೆ ಬರೆಯುವುದಾಗಿ ಹೇಳಿದ್ದೆ. ಅದಕ್ಕೂ ಮೊದಲು, ಟ್ರಾನ್ಸ್‌ಲೂಸೆಂಟ್ ಪುಡಿಯನ್ನು ಕೈಬಿಚ್ಚಿ ಬಳಸುವವರಿಗೆ ಒಂದು ಮಾತು. ಮುಂದಿನ ಹಲ್ಲಿನ ಕ್ಯಾಪ್‌ನಲ್ಲಿ ಜೀವವಿಲ್ಲ ಎಂದು ಡಾಕ್ಟರು ವಾಪಸು ಕಳಿಸಿದರೆ ಲ್ಯಾಬಿನ ಹುಡುಗರ ಕೈ ಮೊದಲು ಹೋಗುವುದು ಆ ಡಬ್ಬಿಯ ಕಡೆಗೇ. ಆದರೆ ಪುಡಿ ಹೆಚ್ಚಾದಷ್ಟೂ ಬೆಳಕು ನೋಡುವವರ ಕಣ್ಣಿಗೆ ಮರಳದೆ ಒಳಹೊಕ್ಕು ಬಾಯಿಯ ಕತ್ತಲಲ್ಲಿ ಕಳೆದುಹೋಗುತ್ತದೆ, ಹಲ್ಲು ಬೂದುಬಣ್ಣಕ್ಕೆ ತಿರುಗುತ್ತದೆ. ವ್ಯಾಲ್ಯೂ ಒಮ್ಮೆ ಬಿದ್ದರೆ ಎ2, ಎ3 ಎಷ್ಟೇ ಕರಾರುವಾಕ್ಕಾಗಿದ್ದರೂ ಪ್ರಯೋಜನವಿಲ್ಲ. ಎದುರು ಕೂತವರಿಗೆ ಕ್ಯಾಪ್ ಎಂದು ಗೊತ್ತಾಗಿಯೇ ತೀರುತ್ತದೆ.

ಓಪಲ್ ಪುಡಿ ನೆರವಿಗೆ ಬರುವುದು ಇಲ್ಲೇ. ಹಲ್ಲಿನ ಎನಾಮಲ್‌ನ ಸೂಕ್ಷ್ಮ ಹರಳುಗಳು ನೀಲಿ ಬೆಳಕನ್ನು ಚದುರಿಸಿ ಕೆಂಪು, ಹಳದಿಯನ್ನು ಹಾದುಹೋಗಲು ಬಿಡುತ್ತವೆ. ಹಾಗಾಗಿ ಹಲ್ಲಿನ ತುದಿ ಎದುರಿನಿಂದ ನಸುನೀಲಿ, ಹಿಂದಿನಿಂದ ದೀಪ ಹಿಡಿದರೆ ಜೇನುಬಣ್ಣ. ಓಪಲ್ ಪುಡಿಯ ಸೂಕ್ಷ್ಮ ಕಣಗಳು ಮಾಡುವುದೂ ಇದನ್ನೇ. ನೀಲಿ ಸ್ಟೇನ್ ಬಳಿಯದೆಯೇ ನೀಲಿ ಮೂಡುತ್ತದೆ, ಬೆಳಕಿನ ಒಂದು ಪಾಲು ಕಣ್ಣಿಗೆ ಮರಳುವುದರಿಂದ ವ್ಯಾಲ್ಯೂ ಕೂಡ ಅಷ್ಟಾಗಿ ಕುಸಿಯುವುದಿಲ್ಲ.

ಓಪಲ್ ಕುರಿತು ಇಷ್ಟು ಬರೆಯುವಷ್ಟರಲ್ಲಿ ಮನಸ್ಸು ಬೇರೆ ಕಡೆ ಹರಿಯಿತು. ನಮ್ಮ ಮೇಜಿನ ಮೇಲಿರುವ ವೀಟಾ ಕ್ಲಾಸಿಕಲ್ ಶೇಡ್ ಗೈಡ್‌ನಲ್ಲಿ 16 ಟ್ಯಾಬ್‌ಗಳಿವೆ. ಜರ್ಮನಿಯ ಆ ಟ್ಯಾಬ್‌ಗಳಲ್ಲಿ ಪಾವಗಡದ ಹಲ್ಲಿಲ್ಲ, ಕೋಲಾರದ ಹಲ್ಲೂ ಇಲ್ಲ. ಕೊಳವೆಬಾವಿಯ ಫ್ಲೋರೈಡ್ ನೀರು ಕುಡಿದು ಬೆಳೆದವರ ಹಲ್ಲಿನ ಮೇಲೆ ಅಡ್ಡಡ್ಡ ಬಿಳಿ ಗೆರೆಗಳು, ಸುಣ್ಣದ ಬಣ್ಣದ ಮಚ್ಚೆಗಳು ಇರುತ್ತವೆ. ಲೀಟರಿಗೆ 1.5 ಮಿಲಿಗ್ರಾಂ ಮೀರಿದ ನೀರನ್ನು ಮಗು ಎನಾಮಲ್ ಕಟ್ಟಿಕೊಳ್ಳುವ ವಯಸ್ಸಿನಲ್ಲಿ ವರ್ಷಗಟ್ಟಲೆ ಕುಡಿದರೆ ಹೀಗಾಗುತ್ತದೆ. ಅಂಥವರು ಬಿದ್ದು ಒಂದು ಮುಂದಿನ ಹಲ್ಲು ಮುರಿದುಕೊಂಡು ಬಂದಾಗ ಚೀಟಿಯಲ್ಲಿ ಬರೀ ಎ1 ಎಂದು ಬರೆದು ಕಳಿಸುವುದು ಅವರಿಗೆ ಮಾಡುವ ಅನ್ಯಾಯ. ಪಕ್ಕದ ಹಲ್ಲಿನಲ್ಲಿ ಗೆರೆಯಿದ್ದು ಕ್ಯಾಪ್ ಮಾತ್ರ ನಯವಾಗಿ ಹೊಳೆದರೆ, ಅವರು ಬಾಯಿ ತೆರೆದಾಗಲೆಲ್ಲ ಎಲ್ಲರ ಕಣ್ಣು ಅಲ್ಲೇ ನಿಲ್ಲುತ್ತದೆ.

ಗೆರೆ ಹಾಕಿದರಾಯಿತಲ್ಲ ಎನ್ನುತ್ತಾರೆ ಜಿರ್ಕೋನಿಯಾ ಬಳಗದವರು. ಇಡೀ ಕ್ಯಾಪನ್ನು ಯಂತ್ರದಲ್ಲಿ ಕೊರೆದು, ಮೇಲೆ ಸ್ಟೇನ್ ಬಳಿದು, ಗ್ಲೇಜ್ ಮಾಡಿ ಮುಗಿಸುವುದು ಅವರ ಪದ್ಧತಿ. ಅವರ ಜೊತೆ ನನ್ನ ವ್ಯಾಜ್ಯ ಹಳೆಯದು. ದವಡೆ ಹಲ್ಲಿಗೆ ಅವರದೇ ಸರಿ: ಜಿರ್ಕೋನಿಯಾದ ಬಲ 1000 ಮೆಗಾಪ್ಯಾಸ್ಕಲ್ ದಾಟುತ್ತದೆ, ನಮ್ಮ ಪುಡಿಯದು ಸಾಮಾನ್ಯವಾಗಿ ನೂರರೊಳಗೇ. ಮುಂದಿನ ಹಲ್ಲಿನ ವಿಷಯದಲ್ಲಿ ಮಾತ್ರ ನಾನು ಒಪ್ಪುವುದಿಲ್ಲ, ಏಕೆಂದರೆ ಫ್ಲೋರೋಸಿಸ್‌ನ ಗೆರೆ ಹಲ್ಲಿನ ಮೇಲೆ ಇರುವುದೇ ಇಲ್ಲ. ಎನಾಮಲ್‌ನ ಹೊರಪದರ ಬಹುಮಟ್ಟಿಗೆ ಗಟ್ಟಿಯಾಗಿದ್ದು, ಅದರ ಕೆಳಗಿನ ಪದರದಲ್ಲಿ ಖನಿಜ ಕಡಿಮೆಯಾಗಿ ರಂಧ್ರಗಳು ಉಳಿದಿರುತ್ತವೆ. ಬೆಳಕು ಹೊರಪದರ ದಾಟಿ ಆ ರಂಧ್ರಗಳಲ್ಲಿ ಚದುರಿ ಬಿಳಿಯಾಗಿ ಕಾಣುತ್ತದೆ. ಒಳಗಿರುವುದನ್ನು ಮೇಲೆ ಬಳಿದರೆ ಅದು ಬಣ್ಣವಾಗಿಯೇ ಕಾಣುತ್ತದೆ. ವರ್ಷಗಟ್ಟಲೆ ಬ್ರಷ್ ಆಡಿದರೆ ಸವೆದೂ ಹೋಗುತ್ತದೆ.

ಇದಕ್ಕೆ ನಾನು ನೆಚ್ಚಿರುವುದು ಜಪಾನಿನ ಹಿತೋಶಿ ಅವೊಶಿಮಾ ಅವರ ದಾರಿಯನ್ನು. ಮೊದಲು ಡೆಂಟಿನ್ ಪುಡಿ ಕಟ್ಟಿ ಫೈರ್ ಮಾಡಬೇಕು. ಕುಲುಮೆಯಲ್ಲಿ ಪುಡಿ ಹೆಚ್ಚುಕಡಿಮೆ ಮೂರನೇ ಒಂದು ಪಾಲು ಕುಗ್ಗುತ್ತದೆ. ಹಸಿ ಪುಡಿಯ ಮೇಲೆಯೇ ಗೆರೆ ಎಳೆದರೆ ಆ ಕುಗ್ಗುವಿಕೆಯಲ್ಲಿ ಗೆರೆಯೂ ಎಲ್ಲೆಲ್ಲೋ ಸರಿಯುತ್ತದೆ. ಆದ್ದರಿಂದ ಫೈರ್ ಆದ ಗಟ್ಟಿ ಮೈಮೇಲೆ ಸೇಬಲ್ ಕುಂಚದ ತುದಿಯಿಂದ ಬಿಳಿ ಸ್ಟೇನ್ ಹಚ್ಚಿ, ಕಡಿಮೆ ಉಷ್ಣತೆಯಲ್ಲಿ ಅದನ್ನು ಅಲ್ಲಿಯೇ ಕೂರಿಸಬೇಕು. ಗೆರೆಗಳು ಒಂದೇ ದಪ್ಪ ಇರಬಾರದು, ನಡುನಡುವೆ ಕಡಿಯಬೇಕು, ಹಲ್ಲಿನ ಮೈತಿರುವನ್ನು ಅನುಸರಿಸಬೇಕು. ಆಮೇಲೆ ಎನಾಮಲ್ ಮತ್ತು ಓಪಲ್ ಪುಡಿಯ ತೆಳು ಹೊದಿಕೆ. ಹೊದಿಕೆ ದಪ್ಪವಾದರೆ ಗೆರೆ ಮುಳುಗುತ್ತದೆ, ತೀರ ತೆಳುವಾದರೆ ಆಕಾರ ತಿದ್ದುವಾಗ ಬರ್ ತಗುಲಿ ಅಳಿಸುತ್ತದೆ. ಈ ಅಂದಾಜು ಯಾವ ಕೈಪಿಡಿಯಿಂದಲೂ ಬರುವುದಿಲ್ಲ. ನಿಜವಾದ ಫ್ಲೋರೋಸಿಸ್ ಹಲ್ಲನ್ನು ಮುಂದಿಟ್ಟುಕೊಂಡು ಕಟ್ಟಿದವರಿಗೆ ಬರುತ್ತದೆ. ಕಲಿಯುವವರು ಕಿತ್ತ ಹಲ್ಲುಗಳನ್ನು ಡಾಕ್ಟರರಿಂದ ಕೇಳಿ ಪಡೆದು, ಸೋಂಕು ನಿವಾರಿಸಿ, ಒಂದನ್ನು ಉದ್ದಕ್ಕೆ ಸೀಳಿ ನೋಡಲಿ. ಬಿಳುಪು ಎಷ್ಟು ಆಳದಲ್ಲಿದೆ ಎಂಬುದು ಆಗ ಗೊತ್ತಾಗುತ್ತದೆ.

ಡಾಕ್ಟರರಲ್ಲೂ ಒಂದು ಬೇಡಿಕೆ. ಗೆರೆ ಎಷ್ಟು ಬಿಳಿ ಎಂಬುದು ಹಲ್ಲು ಎಷ್ಟು ಒದ್ದೆಯಾಗಿದೆ ಎಂಬುದನ್ನು ಅವಲಂಬಿಸಿದೆ. ರಂಧ್ರಗಳಲ್ಲಿ ನೀರಿದ್ದಾಗ ಬೆಳಕು ಕಡಿಮೆ ಚದುರುತ್ತದೆ. ಹಲ್ಲು ಒಣಗಿ ಆ ಜಾಗದಲ್ಲಿ ಗಾಳಿ ತುಂಬಿಕೊಂಡರೆ ಮಚ್ಚೆ ದೊಡ್ಡದಾಗಿ, ಎದ್ದು ಕಾಣುತ್ತದೆ. ಬಾಯಿ ತೆರೆಸಿ ಕೂರಿಸಿ, ಹಲ್ಲು ಕೊರೆದು ಮುಗಿಸಿದ ಮೇಲೆ ತೆಗೆದ ಫೋಟೊ ನೋಡಿ ನಾವು ಕಟ್ಟಿದ ಕ್ಯಾಪ್ ಮನೆಗೆ ಹೋದ ಮೇಲೆ ಪಕ್ಕದ ಹಲ್ಲಿಗಿಂತ ಬೆಳ್ಳಗೆ ಕಾಣುತ್ತದೆ. ಆದ್ದರಿಂದ ರೋಗಿ ಕುರ್ಚಿಯಲ್ಲಿ ಕೂತ ಕೂಡಲೇ, ಹತ್ತಿ ಇಡುವ ಮೊದಲೇ, ಶೇಡ್ ಟ್ಯಾಬನ್ನು ಅದೇ ಮಟ್ಟದಲ್ಲಿ ಹಿಡಿದು ಫೋಟೊ ತೆಗೆಯಿರಿ. ಟ್ಯಾಬಿನ ನಂಬರೂ ಚಿತ್ರದಲ್ಲಿ ಕಾಣಲಿ.