ಗುರುವಿನ ಕಥೆ ಹೇಳುವ ಕಷ್ಟ: ‘ಮೈದಾನ್’ ಚಿತ್ರವನ್ನು ಕುರಿತು

ಯೋಧನ ಕಥೆ ಹೇಳುವುದು ಸುಲಭ; ಗುರುವಿನ ಕಥೆ ಹೇಳುವುದು ಕಷ್ಟ. ಯೋಧನ ಪರಾಕ್ರಮ ಕಣ್ಣಿಗೆ ಕಾಣುತ್ತದೆ. ಗುರುವಿನ ದುಡಿಮೆಯಾದರೋ ಶಿಷ್ಯನ ಕೈಕಾಲುಗಳಲ್ಲಿ ಕರಗಿಹೋಗಿರುತ್ತದೆ. ದ್ರೋಣಾಚಾರ್ಯನೂ ಜನಮನದಲ್ಲಿ ಉಳಿದಿರುವುದು ಏಕಲವ್ಯನ ಹೆಬ್ಬೆರಳನ್ನು ಕೇಳಿದವನಾಗಿ, ಚಕ್ರವ್ಯೂಹವನ್ನು ಕಟ್ಟಿದವನಾಗಿ. ಹಕ್ಕಿಯ ಕಣ್ಣಿನ ಪ್ರಸಂಗವೊಂದನ್ನು ಬಿಟ್ಟರೆ, ಪಾಠ ಹೇಳಿದ ದ್ರೋಣನನ್ನು ನಾವು ಕಂಡದ್ದು ಕಡಿಮೆ. 2024ರ ಏಪ್ರಿಲಿನಲ್ಲಿ ತೆರೆಕಂಡ ‘ಮೈದಾನ್’ ಎಂಬ ಹಿಂದೀ ಚಿತ್ರ ಈ ಕಷ್ಟವನ್ನೇ ಮೈಮೇಲೆ ಹಾಕಿಕೊಂಡಿದೆ. ಅದು ಎಷ್ಟರಮಟ್ಟಿಗೆ ಗೆದ್ದಿತು ಎಂಬುದು ವಿಚಾರ ಮಾಡತಕ್ಕ ಮಾತು.

ಚಿತ್ರದ ನಾಯಕ ಸೈಯದ್ ಅಬ್ದುಲ್ ರಹೀಮ್. 1909ರಲ್ಲಿ ಹುಟ್ಟಿದ ಹೈದರಾಬಾದಿನ ಈ ಮನುಷ್ಯ ಮೂಲತಃ ಶಾಲಾ ಮಾಸ್ತರು. ಅವರ ಕೈಕೆಳಗೆ ಹೈದರಾಬಾದ್ ಸಿಟಿ ಪೊಲೀಸ್ ತಂಡ 1950ರಿಂದ 1954ರವರೆಗೆ ಸತತ ಐದು ಸಲ ರೋವರ್ಸ್ ಕಪ್ ಗೆದ್ದಿತು. ಭಾರತ ತಂಡ 1951ರಲ್ಲಿ ದಿಲ್ಲಿಯ ಏಷ್ಯನ್ ಕ್ರೀಡಾಕೂಟದಲ್ಲಿ ಸ್ವರ್ಣ ಪಡೆಯಿತು. 1956ರ ಮೆಲ್ಬೋರ್ನ್ ಒಲಿಂಪಿಕ್ಸಿನಲ್ಲಿ ನಾಲ್ಕನೆಯದಾಯಿತು. 1962ರಲ್ಲಿ ಜಕಾರ್ತದಲ್ಲಿ ಮತ್ತೆ ಸ್ವರ್ಣ ಗೆದ್ದಿತು. ಮರುವರ್ಷ ಜೂನಿನಲ್ಲಿ ರಹೀಮ್ ಕ್ಯಾನ್ಸರಿನಿಂದ ತೀರಿಕೊಂಡರು. ಏಷ್ಯನ್ ಕ್ರೀಡಾಕೂಟದ ಕಾಲ್ಚೆಂಡಾಟದಲ್ಲಿ ನಮಗೆ ಇಂದಿನವರೆಗೂ ಇನ್ನೊಂದು ಸ್ವರ್ಣ ಬಂದಿಲ್ಲ.

ಅಮಿತ್ ಶರ್ಮಾ ನಿರ್ದೇಶಿಸಿದ ಈ ಚಿತ್ರದಲ್ಲಿ ರಹೀಮರಾಗಿ ನಟಿಸಿದವರು ಅಜಯ್ ದೇವಗನ್. ಅವರ ಪತ್ನಿಯ ಪಾತ್ರ ಬೆಂಗಳೂರಿನಲ್ಲಿ ಹುಟ್ಟಿದ ಪ್ರಿಯಾಮಣಿಯವರದು. ದೇವಗನ್ನರ ಅಭಿನಯದಲ್ಲಿ ಸಂಯಮವಿದೆ: ಮಾತು ಕಡಿಮೆ, ಬೆರಳಲ್ಲಿ ಸಿಗರೇಟು, ನೋಟವೆಲ್ಲ ಮೈದಾನದ ಮೇಲೆ. ಕೊನೆಯ ಪಂದ್ಯದ ಚಿತ್ರಣವಂತೂ ಪ್ರಶಂಸಾರ್ಹ. ಜಕಾರ್ತದ ಪ್ರೇಕ್ಷಕರು ಅಂದು ಭಾರತದ ಮೇಲೆ ಕೆರಳಿದ್ದರು. ಇಸ್ರೇಲ್ ಮತ್ತು ತೈವಾನ್‌ಗಳನ್ನು ಕೂಟದಿಂದ ಹೊರಗಿಟ್ಟುದನ್ನು ನಮ್ಮ ಜಿ. ಡಿ. ಸೋಂಧಿಯವರು ಪ್ರಶ್ನಿಸಿದ್ದೇ ಅದಕ್ಕೆ ಕಾರಣ. ಆ ಗದ್ದಲದ ನಡುವೆ, ಮೊದಲ ಪಂದ್ಯದಲ್ಲಿ ತನ್ನನ್ನು 2-0ಯಿಂದ ಸೋಲಿಸಿದ್ದ ದಕ್ಷಿಣ ಕೊರಿಯಾವನ್ನೇ ಭಾರತ 2-1ರಿಂದ ಗೆದ್ದ ಬಗೆಯನ್ನು ಕಂಡು ಕಾಲ್ಚೆಂಡಿನ ಗಂಧವಿಲ್ಲದವರೂ ಕುರ್ಚಿಯ ತುದಿಗೆ ಬರುತ್ತಾರೆ.

ಆದರೆ ನನ್ನ ಆಕ್ಷೇಪ ಇರುವುದು ಬೇರೆಡೆಯಲ್ಲಿ. ನಾಯಕನಿದ್ದ ಮೇಲೆ ಪ್ರತಿನಾಯಕ ಬೇಕೆಂಬ ಹಳೆಯ ಸೂತ್ರಕ್ಕೆ ಚಿತ್ರ ಗಂಟುಬಿದ್ದಿದೆ. ಹೊಟ್ಟೆಕಿಚ್ಚಿನ ಪತ್ರಕರ್ತನೊಬ್ಬ, ಪ್ರಾಂತಾಭಿಮಾನದ ಅಧಿಕಾರಿಯೊಬ್ಬ, ಇವರ ಹುನ್ನಾರಗಳಿಗೇ ಮೂರು ಗಂಟೆಯ ಚಿತ್ರದಲ್ಲಿ ಬಹುಪಾಲು ಹೊತ್ತು ಸಂದಿದೆ. ಇದರಿಂದ ರಹೀಮರ ಹೋರಾಟ ಕಚೇರಿಯ ಮೇಜಿನ ಸುತ್ತಲಿನ ಹೋರಾಟವಾಗಿ ಕಾಣುತ್ತದೆ. ಅವರ ನಿಜವಾದ ಹೋರಾಟ ನಡೆದದ್ದು ಆಟಗಾರನ ಅಭ್ಯಾಸಬಲದ ಸಂಗಡ, ಅವನ ಎಡಗಾಲಿನ ಸೋಮಾರಿತನದ ಸಂಗಡ.

ತೋರಿಸಲು ಸಾಮಗ್ರಿ ಇರಲಿಲ್ಲವೇ? ಬೇಕಾದಷ್ಟಿತ್ತು. ದುರ್ಬಲವಾದ ಕಾಲಿನಿಂದಲೇ ಒದೆಯಬೇಕೆಂಬ ನಿಯಮದ ಪಂದ್ಯಗಳನ್ನು ರಹೀಮ್ ಏರ್ಪಡಿಸುತ್ತಿದ್ದರು. ಚೆಂಡನ್ನು ಒಬ್ಬನೇ ಹೊತ್ತೊಯ್ಯದೆ ಕೂಡಲೇ ಸಂಗಾತಿಗೆ ದಾಟಿಸಬೇಕೆಂಬ ಪಂದ್ಯಗಳೂ ಇದ್ದವು. ಬಡ ಹುಡುಗ ತುಳಸೀದಾಸ್ ಬಲರಾಮ್ ಅಭ್ಯಾಸಕ್ಕೆ ಬರಲೆಂದು ಬಾಡಿಗೆ ಸೈಕಲ್ಲಿಗೆ ಕೈಯಿಂದ ದುಡ್ಡು ಕೊಟ್ಟರೆಂಬ ಮಾತಿದೆ. 1952ರಲ್ಲಿ ಹೆಲ್ಸಿಂಕಿಯಲ್ಲಿ, ಬಹುಮಂದಿ ಬರಿಗಾಲಲ್ಲೇ ಆಡಿದ ನಮ್ಮ ತಂಡ ಯುಗೊಸ್ಲಾವಿಯಕ್ಕೆ 10-1ರಿಂದ ಸೋತಿತು. ನಾಲ್ಕೇ ವರ್ಷದ ಮೇಲೆ ಮೆಲ್ಬೋರ್ನಿನ ಸೆಮಿಫೈನಲಿನಲ್ಲಿ ಅದೇ ಯುಗೊಸ್ಲಾವಿಯದ ಮೇಲೆ ಮೊದಲ ಗೋಲು ಹೊಡೆದದ್ದು ಭಾರತ. ಕೊನೆಗೆ 4-1ರಿಂದ ಸೋತರೂ, ಆ ಎರಡು ಸೋಲುಗಳ ನಡುವಿನ ಅಂತರವೇ ಒಬ್ಬ ಮಾಸ್ತರರ ಜೀವನಚರಿತ್ರೆ. ಆ ನಾಲ್ಕು ವರ್ಷಗಳ ಪಾಠ ಹೇಗೆ ನಡೆಯಿತೆಂಬುದನ್ನು ಬಿಡಿಸಿ ಹೇಳಿದ್ದರೆ ಚಿತ್ರಕ್ಕೆ ಖಳರ ಅಗತ್ಯವೇ ಬೀಳುತ್ತಿರಲಿಲ್ಲ.

ಜರ್ನೈಲ್ ಸಿಂಗರ ಪ್ರಸಂಗವನ್ನೇ ನೋಡಿ. ರಕ್ಷಣೆಯ ಕಂಬದಂತಿದ್ದ ಆತನಿಗೆ ಜಕಾರ್ತದಲ್ಲಿ ತಲೆಗೆ ಪೆಟ್ಟುಬಿದ್ದು ಹೊಲಿಗೆ ಹಾಕಬೇಕಾಯಿತು. ರಹೀಮ್ ಆತನನ್ನು ಕೂರಿಸಲಿಲ್ಲ, ಮುನ್ಪಡೆಗೆ ಕಳಿಸಿದರು. ಸೆಮಿಫೈನಲಿನಲ್ಲೊಂದು, ಫೈನಲಿನಲ್ಲೊಂದು ಗೋಲು ಬಂತು. ಇದನ್ನು ಚಿತ್ರ ಸಾಹಸವೆಂದು ಮೆರೆಸುತ್ತದೆ. ಸಾಹಸ ಜರ್ನೈಲರದು ನಿಜ. ಆದರೆ ಗಾಯಾಳುವಿನಲ್ಲಿ ಇನ್ನೂ ಯಾವ ಶಕ್ತಿ ಉಳಿದಿದೆ, ಅದನ್ನು ಎಲ್ಲಿ ನಿಲ್ಲಿಸಿದರೆ ಫಲಿಸೀತು ಎಂಬ ವಿವೇಕ ಗುರುವಿನದು. ಕಲೆ ಇರುವುದು ಆ ವಿವೇಕದಲ್ಲಿ.

ಕನ್ನಡಿಗರಾದ ನಮಗೆ ಈ ಕಥೆ ಪರಕೀಯವಲ್ಲ. 1951ರ ಸ್ವರ್ಣವಿಜೇತ ತಂಡದಲ್ಲಿ ಬೆಂಗಳೂರಿನ ಅಹಮದ್ ಖಾನ್ ಇದ್ದರು. 1956 ಮತ್ತು 1960ರ ಒಲಿಂಪಿಕ್ ತಂಡಗಳಲ್ಲಿ ನಮ್ಮ ಕೆಂಪಯ್ಯ ಇದ್ದರು. ಮೈಸೂರು ತಂಡ 1946 ಮತ್ತು 1952ರಲ್ಲಿ ಸಂತೋಷ್ ಟ್ರೋಫಿ ಗೆದ್ದ ಕಾಲವದು. ಇಷ್ಟಾದರೂ ಆಟವನ್ನೂ ಅದನ್ನು ಕಲಿಸಿದವರನ್ನೂ ಕುರಿತು ಕನ್ನಡದಲ್ಲಿ ನಾವು ಬರೆದಿಟ್ಟುಕೊಂಡದ್ದು ಸ್ವಲ್ಪ. ನಮ್ಮ ತೆಲಿಗಿಯಂಥ ಊರುಗಳಲ್ಲಿ ಕಬಡ್ಡಿ, ಖೋಖೋ ಹೇಳಿಕೊಟ್ಟ ಡ್ರಿಲ್ ಮಾಸ್ತರರ ಗತಿಯೂ ಇದೇ. ಗೆದ್ದ ಹುಡುಗನ ಕೊರಳಿಗೆ ಹಾರ ಬೀಳುತ್ತದೆ; ಸೀಟಿ ಊದಿದವರ ಹೆಸರು ಎರಡನೆಯ ತಲೆಮಾರಿಗೆ ಮರೆತುಹೋಗುತ್ತದೆ. ತರಬೇತುದಾರರಿಗೆಂದು ದ್ರೋಣಾಚಾರ್ಯ ಪ್ರಶಸ್ತಿ ಹುಟ್ಟಿದ್ದು 1985ರಲ್ಲಿ. ರಹೀಮ್ ತೀರಿ ಆಗಲೇ 22 ವರ್ಷವಾಗಿತ್ತು.

ಆ ಮರೆವಿನಿಂದ ಒಂದು ಹೆಸರನ್ನು ಎತ್ತಿ ತಂದುದಕ್ಕಾಗಿ ‘ಮೈದಾನ್’ ಚಿತ್ರವನ್ನು ಅಭಿನಂದಿಸಬೇಕು. ಅದು ನಮಗೆ ರಹೀಮರ ಗೆಲವನ್ನು ಕೊಟ್ಟಿದೆ, ಸಾವನ್ನು ಕೊಟ್ಟಿದೆ. ಅವರ ಪಾಠವನ್ನು ಬರೆಯುವ ಕೆಲಸ ಇನ್ನೂ ಉಳಿದಿದೆ. ಅದು ಕ್ಯಾಮೆರಾಕ್ಕಿಂತ ಲೇಖನಿಗೆ ಹೆಚ್ಚು ಒಗ್ಗುವ ಕೆಲಸವೆಂದು ನನ್ನ ಎಣಿಕೆ.