ಕಾವಲಿಗೆ ಬಂದ ಜನರಲ್

2011ರ ಮಾರ್ಚ್ 18ರಂದು ಯೆಮನ್ ರಾಜಧಾನಿ ಸನಾದಲ್ಲಿ 40ಕ್ಕೂ ಹೆಚ್ಚು ಪ್ರತಿಭಟನಾಕಾರರು ಗುಂಡಿಗೆ ಬಲಿಯಾದರು. ಮೂರೇ ದಿನಕ್ಕೆ ಜನರಲ್ ಅಲಿ ಮೊಹ್ಸೆನ್ ಅಲ್-ಅಹ್ಮರ್ ಅಧ್ಯಕ್ಷ ಸಲೇಹ್‌ಗೆ ಕೈಕೊಟ್ಟು, ಚೌಕ ಕಾಯೋಕೆ ಸೈನಿಕರನ್ನು ಕಳಿಸಿದರು. ಹೀರೋ ಅನ್ನೋಣವಾ? ಸ್ವಲ್ಪ ತಾಳಿ. ಮೂರು ದಶಕ ಸಲೇಹ್ ಬಲಗೈ ಆಗಿದ್ದವರು ಇವರೇ. 2004ರಿಂದ ಸಾದಾ ಪ್ರಾಂತ್ಯದಲ್ಲಿ ಹೌತಿಗಳ ಮೇಲೆ ಯುದ್ಧ ನಡೆಸಿದವರೂ ಇವರೇ. 2014ರಲ್ಲಿ ಅದೇ ಹೌತಿಗಳು ಸನಾ ಹಿಡಿದಾಗ ಸೌದಿಗೆ ಓಡಿದರು, 2016ರಲ್ಲಿ ಉಪಾಧ್ಯಕ್ಷರಾದರು, 2022ರವರೆಗೂ ಆ ಕುರ್ಚಿಯಲ್ಲಿದ್ದರು. ಬರಿಗೈಲಿ ಚೌಕಕ್ಕೆ ಬಂದಿದ್ದ ಹುಡುಗರಿಗೆ ಏನು ಸಿಕ್ಕಿತು? ಅವರ ಬಂಡಾಯ ಇಬ್ಬರು ಹಳೇ ಗೆಳೆಯರ ಜಗಳವಾಗಿಬಿಟ್ಟಿತು. ಗುಂಡು ಹಾರುವಾಗ ರಕ್ಷಣೆ ಬೇಡ ಅನ್ನೋದು ಕಷ್ಟ, ನಿಜ. ಆದರೆ ಕಾವಲಿಗೆ ಬಂದವರ ಹಳೇ ಲೆಕ್ಕ ಕೇಳದಿದ್ದರೆ, ಕೊನೆಗೆ ಮನೆಯೇ ಅವರದಾಗುತ್ತೆ.